ಬಾಗಿಲು ಹಾಕಿಕೊಂಡು ಬರುವವರು

ನನ್ನ ಕೋಟಿನ ಬಲಗಡೆಯ ಕಿಸೆಯಲ್ಲಿ ಎರಡು ಕಾಳುಗಳಿವೆ. ಒಂದು ಬಿಳಿಜೋಳದ್ದು, ಇನ್ನೊಂದು ತೊಗರಿಯದು. ಕಿಸೆಯಲ್ಲಿ ಕಾಳು ಇದ್ದರೆ ಅದರಲ್ಲೇನು ಸೋಜಿಗ, ಒಕ್ಕಲುತನದ ಊರಲ್ಲವೇ ಎನ್ನುತ್ತೀರಿ. ನಿಮ್ಮ ಮಾತು ಸರಿ. ನನ್ನ ಹೆಂಡತಿ ಸುಶೀಲಾ ಈ ಕಿಸೆಯನ್ನು ಕರೆಯುವುದೇ ಸಂತಿಚೀಲ ಎಂದು. ಶಾಲೆಯ ಮಾಸ್ತರಿಕೆ ಬಿಟ್ಟು ಎಂಟು ವರ್ಷವಾದರೂ ಅದರಲ್ಲಿ ಒಂದು ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ. ಕನ್ನಡಕ ಒರೆಸುವ ಬಟ್ಟೆ, ನಾಲ್ಕು ಲವಂಗ, ಎಂದೋ ಹೋದ ಬಸ್ಸಿನ ಟಿಕೀಟು ಇರುತ್ತವೆ. ಬಹಳ ಸಲ ಕಿವಿಯ ಮಷೀನೂ ಅಲ್ಲಿಯೇ ಇರುತ್ತದೆ.

ಮಷೀನು ಇರಬೇಕಾದದ್ದು ಕಿವಿಯಲ್ಲಿ. ಆದರೆ ನನಗೆ ಬೇಡವಾದ ಮಾತು ಶುರುವಾದೊಡನೆ ಅದನ್ನು ಮೆಲ್ಲಗೆ ತೆಗೆದು ಕಿಸೆಗೆ ಹಾಕಿಬಿಡುವ ಚಾಳಿ ನನ್ನದು. ಅದು ಕಿವಿಯಲ್ಲಿಲ್ಲದಿದ್ದರೆ ಎದುರಿಗೆ ಡೊಳ್ಳು ಬಾರಿಸಿದರೂ ಎದೆಗೆ ಗೊತ್ತಾಗುತ್ತದೆಯೇ ಹೊರತು ಕಿವಿಗೆ ಗೊತ್ತಾಗುವುದಿಲ್ಲ. "ದೇವರು ಕಿವಿ ಕಸಗೊಂಡಿದ್ದು ನಿಮಗ ಚೈನಿ ಆಗೇತಿ" ಎನ್ನುತ್ತಾಳೆ ಸುಶೀಲಾ. ಅದನ್ನೂ ನಾನು ಅರ್ಧ ಮಾತ್ರ ಕೇಳಿಸಿಕೊಂಡಿರುತ್ತೇನೆ.

ಚಿಕ್ಕವನಿದ್ದಾಗ ನನ್ನ ಕಿವಿ ಬಲು ಚುರುಕಿತ್ತು. ನಮ್ಮದು ಕೊಲ್ಹಾರದ ಕಡೆಯ ಹೊಳೆದಂಡೆಯ ಊರು. ಈಗ ಅದು ನೀರಿನ ಕೆಳಗಿದೆ. ಆ ಹಳೆಯ ಊರಿನ ಹಳೆಯ ಚರ್ಚಿನಲ್ಲಿ ಕುರ್ಚಿ, ಬೆಂಚು ಏನೂ ಇರಲಿಲ್ಲ, ಎಲ್ಲರೂ ಜಮಖಾನದ ಮೇಲೆ ಕೂಡುವುದು. ಮಣ್ಣಿನ ದಪ್ಪ ಗೋಡೆ. ಬೇಸಿಗೆಯಲ್ಲಿ ಗೋಡೆಗೆ ಕೆನ್ನೆ ಹಚ್ಚಿ ಕುಳಿತರೆ ಉಪದೇಶ ಎಷ್ಟು ಉದ್ದವಾದರೂ ನಡೆಯುತ್ತಿತ್ತು. ಜಮಖಾನದ ಕಟ್ಟಕಡೆಗೆ, ಬಾಗಿಲ ಪಕ್ಕ ಕೂಡುತ್ತಿದ್ದವಳು ಶಾಂತವ್ವ. ಚರ್ಚಿನ ಕಸ ಹೊಡೆಯುವವಳು, ದೀಪ ಹಚ್ಚುವವಳು, ಬಾಗಿಲು ತೆಗೆಯುವವಳು, ಹಾಕುವವಳು ಎಲ್ಲಾ ಅವಳೇ. ಗಂಡ, ಮಕ್ಕಳು ಎಂದು ಯಾರೂ ಇರಲಿಲ್ಲ. ಅವಳಿಗೊಂದು ಅಭ್ಯಾಸವಿತ್ತು. ಪ್ರಾರ್ಥನೆ ಮುಗಿದಾಗ ಎಲ್ಲರೂ ಆಮೆನ್ ಎಂದರೆ ಅವಳು ಹೂಂ ಎನ್ನುತ್ತಿದ್ದಳು. ಅಜ್ಜಿ ಕಥೆ ಹೇಳುವಾಗ ನಾವು ಹೂಂ ಎನ್ನುತ್ತೇವಲ್ಲ, ಅದೇ ಹೂಂ. ಉಪದೇಶದ ನಡುವೆಯೂ ಒಂದೊಂದು ವಾಕ್ಯಕ್ಕೆ ಒಂದೊಂದು. ಆಗಿನ ಪಾಸ್ಟರ್ ಒಮ್ಮೆ ಸಿಟ್ಟಾಗಿ, ಇದೇನವ್ವಾ ಎಂದು ಗದರಿಸಿದರು.

"ಹೂಂ ಅನ್ನಾವರ ಇಲ್ಲಂದ್ರ ಮಾತ ನಿಂತ ಹೋಗ್ತಾವ್ರಿ" ಎಂದಳು ಶಾಂತವ್ವ. ಪಾಸ್ಟರ್ ಉಪದೇಶ ಮುಂದುವರಿಸಿದರು.

ಆಣೆಕಟ್ಟಿನ ನೀರು ಬರುತ್ತದೆಂದು ಊರು ಏಳುವ ಕಾಲಕ್ಕೆ ನಾನು ನಡುವಯಸ್ಸಿನ ಶಾಲಾ ಮಾಸ್ತರ, ಚರ್ಚಿನ ಸಭೆಯ ಕಾರ್ಯದರ್ಶಿ. ಮೇಲಿನ ಎರೆಹೊಲದಲ್ಲಿ ಹೊಸ ಊರು, ಹೊಸ ಚರ್ಚು ಎದ್ದಿದ್ದವು. ಕೊನೆಯ ದಿನ ಪೀಠ, ಜಮಖಾನ, ದೀಪದ ಕಂಬ ಎಲ್ಲ ಹೇರಿಕೊಂಡು ಹೊರಟಿದ್ದು ದಾನಪ್ಪನ ಟ್ರ್ಯಾಕ್ಟರು. ದಾನಪ್ಪ ನನಗಿಂತ ಹತ್ತು ವರ್ಷ ಸಣ್ಣವನು, ಮೀಸೆ ತಿರುವುವ ಹೊಸ ಡ್ರೈವರು. ನಾನು ಟ್ರ್ಯಾಲಿಯಲ್ಲಿ ಪೀಠ ಹಿಡಿದುಕೊಂಡು ನಿಂತಿದ್ದೆ. ಶಾಂತವ್ವ ಖಾಲಿ ಚರ್ಚಿನ ಕಸ ಹೊಡೆಯುತ್ತಿದ್ದಳು. ಮುಳುಗುವ ಮನೆಯ ಕಸ ಹೊಡೆಯುವುದು ಯಾಕೆ ಎಂದು ಕೇಳಿದರೆ ಅವಳು ಕೇಳುವ ಪೈಕಿಯವಳಲ್ಲ. ಹೊತ್ತು ಇಳಿಯುತ್ತಿತ್ತು. ನಾವು ಹೊರಟೆವು. ಶಾಂತವ್ವ ಬರಲಿಲ್ಲ.

ಮರುದಿನ ಹೋದಾಗ ಚರ್ಚಿನ ಬಾಗಿಲಿಗೆ ಬೀಗ ಬಿದ್ದಿತ್ತು. ಒಡೆದು ನೋಡಿದೆವು, ಒಳಗೆ ಗುಡಿಸಿಟ್ಟ ನೆಲ ಬಿಟ್ಟರೆ ಏನೂ ಇರಲಿಲ್ಲ. ನೀರು ಇನ್ನೂ ಎರಡು ಹೊಲದಷ್ಟು ದೂರವಿತ್ತು, ಮುಳುಗಿದಳು ಎನ್ನುವಂತಿರಲಿಲ್ಲ. ಪೊಲೀಸರಿಗೆ ಹೇಳಿದೆವು, ಊರೂರು ಹುಡುಕಿದೆವು. ಅವಳು ಏನೆಂದಳು ಎಂದು ಸಭೆಯವರೆಲ್ಲ ನನ್ನನ್ನು ಕೇಳಿದರು. "ನೀವು ಮುಂದ ನಡೀರಿ, ನಾ ಬಾಗಲಾ ಹಾಕ್ಕೊಂಡ ಬರ್ತೇನಿ ಅಂದ್ಳು" ಎಂದು ಹೇಳಿದೆ. ಆ ಮಾತು ಸಭೆಯಲ್ಲಿ ವಚನದಂತೆ ಉಳಿದುಬಿಟ್ಟಿತು. ಅದರಲ್ಲಿ ಒಂದು ಹುಳುಕಿದೆ. ಅದನ್ನು ಮುಂದೆ ಹೇಳುತ್ತೇನೆ, ಈಗಲೇ ಹೇಳುವಷ್ಟು ಗಟ್ಟಿ ಆಸಾಮಿ ನಾನಲ್ಲ.

ಅಂದಿನಿಂದ ನಮ್ಮಲ್ಲಿ ಎರಡು ಪದ್ಧತಿ ಬಂದವು. ಯಾರೂ ಠರಾವು ಮಾಡಿದ್ದಲ್ಲ. ಒಂದು, ಚರ್ಚಿನ ಬೀಗ ಹಾಕುವವರನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಬೀಗ ಬಿದ್ದು, ಹಾಕಿದವರು ಅಂಗಳಕ್ಕೆ ಇಳಿದು ಬರುವವರೆಗೆ ಎಲ್ಲರೂ ನಿಂತಿರಬೇಕು. ಒಮ್ಮೆ ನಾನು ಮೂಗಿನ ಮೇಲಿದ್ದ ಕನ್ನಡಕವನ್ನು ಒಳಗೆ ಅರ್ಧ ತಾಸು ಹುಡುಕಿದಾಗ, ಇಡೀ ಸಭೆ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಿಂತಿತ್ತು. ಇನ್ನೊಂದು ರೂತವ್ವನ ಪದ್ಧತಿ. ರೂತವ್ವ ಶಾಂತವ್ವನ ಜೊತೆ ಕಳೆ ತೆಗೆಯಲು ಹೋಗುತ್ತಿದ್ದವಳು, ಈಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಸಭೆಯ ಊಟವಿದ್ದಾಗ ಬಾಗಿಲ ಪಕ್ಕ ಒಂದು ತಾಟು ಹೆಚ್ಚಿಗೆ ಇಡುತ್ತಾಳೆ. ಹುಗ್ಗಿ ಬಡಿಸುತ್ತಾಳೆ, ತುಪ್ಪವನ್ನೂ ಬಿಡುತ್ತಾಳೆ. ಊಟ ಮುಗಿದ ಮೇಲೆ ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಆ ತಾಟು ಕೊಡುತ್ತಾಳೆ.

ಶಾಂತವ್ವನನ್ನು ಕಂಡವರೂ ಇದ್ದರು. ಝಳಕಿಯ ಹೈವೇ ಹೋಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು ಎಂದು ಒಬ್ಬರು ಹೇಳಿದರು. ಸಿಂದಗಿ ಸಂತೆಯಲ್ಲಿ ಕಸಬರಿಗೆ ಕೊಳ್ಳುತ್ತಿದ್ದಳು, ಕರೆಯುವುದರೊಳಗೆ ಮಂದಿಯಲ್ಲಿ ಸೇರಿಹೋದಳು ಎಂದು ಇನ್ನೊಬ್ಬರು. ನಾನು ನಗುತ್ತಿದ್ದೆ. ಒಂದು ಸಲ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ, ಲಿಂಬೆಹಣ್ಣಿನ ಪುಟ್ಟಿಗಳ ನಡುವೆ ಹಾಡುಹಗಲೇ ನಿಂತಿದ್ದೆ. ಜೊತೆಗಿದ್ದ ಮಾಸ್ತರನಿಗೆ ವರ್ಗಾವಣೆಯ ಗೋಳು ಹೇಳುತ್ತಿದ್ದೆ. ನನ್ನ ಒಂದೊಂದು ವಾಕ್ಯ ಮುಗಿದಾಗಲೂ ಬೆನ್ನ ಹಿಂದೆ ಯಾರೋ ಹೂಂ ಎನ್ನುತ್ತಿದ್ದರು. ಮೂರನೆಯ ಹೂಂಗೆ ನಾನು ಕೈಚೀಲ ಎತ್ತಿಕೊಂಡೆ. ನಾನು ತಿರುಗಿ ನೋಡಲಿಲ್ಲ. ಬಂದ ಬಸ್ಸು ಹತ್ತಿಬಿಟ್ಟೆ. ಅದು ನಮ್ಮೂರಿನ ಬಸ್ಸೇ ಆಗಿರಲಿಲ್ಲ, ಸಂಜೆಯ ಹೊತ್ತಿಗೆ ಹಲಸಂಗಿಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದೆ.

ಹೀಗೆ ವರ್ಷಗಳು ಸಂದವು. ನಮ್ಮ ಸಭೆ ಸಣ್ಣದಾಗುತ್ತ ಬಂತು. ನರ್ಸು, ಮಾಸ್ತರ, ಕಂಡಕ್ಟರ್ ಎಂದು ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ಕೊನೆಗೆ ಉಳಿದ ದೊಡ್ಡವರು ಹತ್ತೊಂಬತ್ತು ಮಂದಿ. ಈಗಿನ ಪಾಸ್ಟರ್ ಸುಂದರ ಅವರು ಮುದ್ದೇಬಿಹಾಳದಲ್ಲಿರುತ್ತಾರೆ, ಇನ್ನೂ ಹರೆಯದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಾವು, ಹೀಗೆ ನಾಲ್ಕು ಕಡೆ ಅವರೊಬ್ಬರೇ. ತಿಂಗಳಲ್ಲಿ ಒಂದು ಭಾನುವಾರ ನಮ್ಮ ಪಾಳಿ. ಕಳೆದ ಬೇಸಿಗೆಯಲ್ಲಿ ಅವರು ಮಾತು ತೆಗೆದರು. ಬಸವನ ಬಾಗೇವಾಡಿಯ ದೊಡ್ಡ ಸಭೆಯ ಜೊತೆ ಕೂಡಿಕೊಳ್ಳುವುದೇ, ಇಲ್ಲ ಇಲ್ಲಿಯೇ ಉಳಿದು ಈ ಕಟ್ಟಡದಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಬೇತಿಯೋ, ವಯಸ್ಸಾದವರಿಗೆ ಹಗಲೂಟವೋ ಏನಾದರೊಂದು ಸೇವೆ ಶುರು ಮಾಡುವುದೇ. ದೇವರು ನಮ್ಮನ್ನು ಯಾವ ಕಡೆಗೆ ಕರೆಯುತ್ತಿದ್ದಾನೆಂದು ಒಂದು ತಿಂಗಳು ಪ್ರಾರ್ಥಿಸಿ, ಆಮೇಲೆ ತೀರ್ಮಾನಿಸಿರಿ ಎಂದರು.

ನಾನು ಬಾಗೇವಾಡಿಯ ಪಕ್ಷ. ಮಂಡಿ ನೋವು, ಸೋರುವ ಮಾಳಿಗೆ, ಅಲ್ಲಿನ ಹಾಡಿನ ತಂಡ ಎಂದು ಕಾರಣಗಳನ್ನು ಬೋರ್ಡಿನ ಮೇಲೆ ಬರೆದಂತೆ ಹೇಳಿದೆ. ನಿಜವಾದ ಕಾರಣವನ್ನು ಹೇಳಲಿಲ್ಲ. ಜಮಖಾನದ ಕೊನೆಗೆ ಶಾಂತವ್ವ ಕೂಡುತ್ತಿದ್ದ ಖಾಲಿ ಜಾಗ ಪ್ರತಿ ಭಾನುವಾರ ನನ್ನನ್ನು ನೋಡುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು, ಅಂಜಿಕೆಯೂ ಇತ್ತು. ದಾನಪ್ಪ ಉಳಿಯುವ ಪಕ್ಷ. ಅವನದು ಒಂದೇ ಮಾತು.

"ನಾವು ಹ್ವಾದ ಮ್ಯಾಲ ಶಾಂತವ್ವ ಬಂದ್ರ, ಎಲ್ಲಿಗೆ ಬರಬೇಕ್ರಿ ಆಕಿ?"

"ಏ ದಾನಪ್ಪ, ಇದ್ದಿದ್ರ ಆಕಿಗೆ ತೊಂಬತ್ತ ದಾಟಿರತಿತ್ತು" ಎಂದೆ.

"ತೊಂಬತ್ತ ದಾಟಿದವರಿಗೆ ಹೊಸಾ ವಿಳಾಸ ಹುಡಕೂದು ಇನ್ನೂ ಕಷ್ಟ ಅಲ್ರಿ ಮಾಸ್ತರ" ಎಂದ.

ಆ ತಿಂಗಳಲ್ಲೇ ಹಿನ್ನೀರು ಇಳಿಯಿತು. ಪ್ರತಿ ಬೇಸಿಗೆಯಲ್ಲಿ ಹಳೆಯ ಊರಿನ ಪಾಯಗಳು ಒಂದಿಷ್ಟು ತಲೆ ಎತ್ತುತ್ತವೆ. ನಾನು ಎಂದೂ ನೋಡಲು ಹೋದವನಲ್ಲ. ಆ ಸಲ ದಾನಪ್ಪ ಎಳೆದುಕೊಂಡು ಹೋದ. ಬೆಳಗಿನ ಹತ್ತು ಗಂಟೆ, ಬಿಸಿಲು ಚುರುಗುಟ್ಟುತ್ತಿತ್ತು, ಕಣ್ಣಿಗೆ ಕಾಣುವಷ್ಟು ದೂರ ಒಬ್ಬ ಮನುಷ್ಯನಿಲ್ಲ. ಎಲ್ಲ ಕಡೆ ಒಡೆದ ಕೆಸರು, ಸತ್ತ ಸಿಂಪಿ, ಮೀನಿನ ನಾತ. ಚರ್ಚಿನ ಜಾಗದಲ್ಲಿ ಗೋಡೆಗಳಿರಲಿಲ್ಲ, ಮೂರು ಮೆಟ್ಟಿಲು ಮತ್ತು ಹೊಸ್ತಿಲ ಕಲ್ಲು ಉಳಿದಿದ್ದವು. ಸುತ್ತ ಮೊಳಕಾಲುದ್ದ ಹೂಳು. ಆ ಮೂರು ಮೆಟ್ಟಿಲು ಮಾತ್ರ ಸ್ವಚ್ಛ. ಹೊಸ್ತಿಲಿನ ಮೇಲೆ ಕಸಬರಿಗೆಯ ಗೆರೆಗಳಿದ್ದವು.

"ಮೀನ ಹಿಡಿಯವರು ಬಲಿ ಒಣಗಿಸಾಕ ಬಳದಿರಬೇಕು" ಎಂದೆ.

"ಹೌದ್ರಿ, ಅವರ ಇರಬೇಕು" ಎಂದ ದಾನಪ್ಪ. ಹೆಜ್ಜೆಯ ಗುರುತನ್ನು ಇಬ್ಬರೂ ಹುಡುಕಿದೆವು. ನಮ್ಮವು ನಾಲ್ಕು ಕಾಲಿನವು ಬಿಟ್ಟರೆ ಬೇರೆ ಇರಲಿಲ್ಲ. ದಾರಿಯುದ್ದಕ್ಕೂ ಮಳೆಯ ಮಾತಾಡುತ್ತ ಮನೆಗೆ ಬಂದೆವು.

ಇನ್ನು ಕಾಳಿನ ಮಾತು. ನಮ್ಮ ಸಭೆಯಲ್ಲಿ ಹಿರಿಯರನ್ನು ಆರಿಸುವುದಿರಲಿ, ಸುಣ್ಣದ ಬಣ್ಣ ಆರಿಸುವುದಿರಲಿ, ಕಾಳು ಹಾಕಿಯೇ ತೀರ್ಮಾನ. ಓದು ಬರಹ ಬಾರದ ಹಿರಿಯರು ಮಾಡಿಟ್ಟ ದಾರಿ. ಒಬ್ಬೊಬ್ಬರಿಗೆ ಒಂದು ಜೋಳದ ಕಾಳು, ಒಂದು ತೊಗರಿ ಕಾಳು ಕೊಡುತ್ತಾರೆ. ಪೀಠದ ಮುಂದೆ ಬಟ್ಟೆ ಮುಚ್ಚಿದ ಗಡಿಗೆ ಇರುತ್ತದೆ. ಬಟ್ಟೆಯ ಕೆಳಗೆ ಕೈ ಹಾಕಿ ಒಂದು ಕಾಳನ್ನು ಗಡಿಗೆಗೆ ಬಿಟ್ಟು, ಉಳಿದದ್ದನ್ನು ಹೊರಗೆ ಗುಬ್ಬಿಗಳಿಗೆ ಎಸೆಯಬೇಕು. ಜೋಳವೆಂದರೆ ಇಲ್ಲೇ ಉಳಿಯುವುದು, ತೊಗರಿಯೆಂದರೆ ಬಾಗೇವಾಡಿಗೆ ಹೋಗುವುದು ಎಂದು ಪಾಸ್ಟರ್ ಎರಡೆರಡು ಸಲ ಬಿಡಿಸಿ ಹೇಳಿದರು.

ನಾನೂ ಎದ್ದು ಹೋದೆ. ಹೊರಗೆ ಬೆಂಕಿಯಂಥ ಬಿಸಿಲು, ಗಡಿಗೆಯ ಒಳಗೆ ಮಾತ್ರ ಎಷ್ಟು ತಂಪಿತ್ತೆಂದರೆ ಕೈ ಕ್ಷಣಹೊತ್ತು ಅಲ್ಲಿಯೇ ನಿಂತಿತು. ಗಡಿಗೆ ಇರುವುದೇ ತಂಪಿಗಲ್ಲವೇ ಎಂದುಕೊಂಡು ಬಂದು ಕುಳಿತೆ.

ಎಣಿಸಿದರೆ ಇಪ್ಪತ್ತು ಕಾಳು. ಜೋಳ ಹತ್ತು, ತೊಗರಿ ಹತ್ತು. ಇದ್ದ ಮಂದಿ ಹತ್ತೊಂಬತ್ತು, ಪಾಸ್ಟರ್ ಕಾಳು ಹಾಕುವುದಿಲ್ಲ. ಮತ್ತೆ ಎಣಿಸಿದರು. ಇಪ್ಪತ್ತೇ. ಆಗ ರೂತವ್ವ ಸೆರಗು ಸರಿಮಾಡಿಕೊಂಡು ಕೆಮ್ಮಿದಳು.

"ನಾ ಎರಡೂ ಹಾಕೇನಿ. ತೊಗರಿ ನಂದು, ನನಗ ಇಲ್ಲೆ ಆಗವಲ್ದು. ಜ್ವಾಳ ಶಾಂತವ್ವಂದು. ತಾಟ ಇಡತೇವಿ, ಕಾಳ ಹಾಕಬಾರದನು?"

ನಕ್ಕು ನಕ್ಕು ನಮಗೆಲ್ಲ ಜೀವ ಬಂದಂತಾಯಿತು. ಪಾಸ್ಟರ್ ಬಹಳ ಮೃದುವಾಗಿ, ಅಜ್ಜಿ, ಇಲ್ಲದವರ ಕಾಳು ಎಣಿಸಲು ಬರುವುದಿಲ್ಲ ಎಂದು ಒಂದು ಜೋಳ ತೆಗೆದಿಟ್ಟರು. ಹತ್ತು ತೊಗರಿ, ಒಂಬತ್ತು ಜೋಳ. ಬಾಗೇವಾಡಿಗೆ ಹೋಗುವುದೆಂದು ತೀರ್ಮಾನವಾಯಿತು. ನಾನು ಗೆದ್ದೆ. ದಾನಪ್ಪ ಎದ್ದು ಹೊರಗೆ ಹೋಗಿ ಟ್ರ್ಯಾಕ್ಟರಿನ ಚಕ್ರ ನೋಡುತ್ತ ನಿಂತ.

ಹೊರಡುವ ಭಾನುವಾರ ಬಂತು. ಬೆಳಿಗ್ಗೆ ಇಲ್ಲಿ ಸಣ್ಣ ಪ್ರಾರ್ಥನೆ, ಬೀಗ, ಆಮೇಲೆ ದಾನಪ್ಪನ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಬಾಗೇವಾಡಿಗೆ. ಮೊದಲು ಒಲ್ಲೆನೆಂದ ದಾನಪ್ಪ ಕೊನೆಗೆ ತಾನೇ ಟ್ರ್ಯಾಲಿ ತೊಳೆದು ತಂದಿದ್ದ. ನಾನು ಮನೆಯಲ್ಲಿ ಕೋಟು ಹಾಕಿಕೊಂಡು ಲವಂಗಕ್ಕೆಂದು ಕಿಸೆಗೆ ಕೈ ಹಾಕಿದೆ. ಬೆರಳಿಗೆ ಕಾಳು ಹತ್ತಿದವು. ಅಂಗೈಯಲ್ಲಿಟ್ಟು ನೋಡಿದೆ. ಒಂದು ಜೋಳ, ಒಂದು ತೊಗರಿ.

ಕಾಳು ಹಾಕಿದ ದಿನದ ನಂತರ ಆ ಕೋಟನ್ನು ನಾನು ಮುಟ್ಟಿರಲಿಲ್ಲ. ತೊಗರಿ ಬಿಟ್ಟೆನೆಂದೇ ಇಲ್ಲಿಯವರೆಗೆ ತಿಳಿದಿದ್ದೆ. ಎರಡೂ ಕಿಸೆಯಲ್ಲಿವೆ ಎಂದರೆ ನಾನು ಗಡಿಗೆಗೆ ಏನನ್ನೂ ಬಿಟ್ಟಿಲ್ಲ. ಕೈ ಹಾಕಿ, ತಂಪಿಗೆ ಹೆದರಿ, ಹಾಗೆಯೇ ತೆಗೆದುಕೊಂಡು ಬಂದು ಕುಳಿತಿದ್ದೇನೆ. ಹಾಗಾದರೆ ಕಾಳು ಹಾಕಿದವರು ಹದಿನೆಂಟು ಮಂದಿ. ರೂತವ್ವನ ಹೆಚ್ಚಿನದು ಸೇರಿದರೆ ಹತ್ತೊಂಬತ್ತು. ಗಡಿಗೆಯಲ್ಲಿ ಇದ್ದದ್ದು ಇಪ್ಪತ್ತು.

"ಯಾಕ್ರಿ, ಮಾರಿ ಹಿಂಗ್ಯಾಕ ಮಾಡೀರಿ?" ಎಂದಳು ಸುಶೀಲಾ. ಏನಿಲ್ಲ ಎಂದೆ.

ಪ್ರಾರ್ಥನೆಯಲ್ಲಿ ನನ್ನ ಲಕ್ಷ್ಯವಿರಲಿಲ್ಲ. ಜಮಖಾನ ಸುತ್ತಿದರು. ಎಲ್ಲರೂ ಟ್ರ್ಯಾಲಿ ಹತ್ತಿದರು, ದಾನಪ್ಪ ಇಂಜಿನ್ ಶುರು ಮಾಡಿದ. ಅವತ್ತು ಗಡಿಬಿಡಿಯಲ್ಲಿ ನಮ್ಮ ಪದ್ಧತಿಯೂ ಯಾರಿಗೂ ನೆನಪಾಗಲಿಲ್ಲ. ನಾನು ಬೀಗ ಹಿಡಿದು ಬಾಗಿಲಲ್ಲಿ ನಿಂತು ಇಂಜಿನಿನ ಸಪ್ಪಳದ ಮೇಲೆ ಕೂಗಿದೆ.

"ನೀವು ಮುಂದ ನಡೀರಿ, ನಾ ಬಾಗಲಾ ಹಾಕ್ಕೊಂಡ ಬರ್ತೇನಿ."

ದಾನಪ್ಪ ಇಂಜಿನ್ ಬಂದ್ ಮಾಡಿದ. ಟ್ರ್ಯಾಲಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಂದೋ ನಾನು ಕಟ್ಟಿ ಹೇಳಿದ ಮಾತು ನನ್ನ ಬಾಯಿಗೇ ಬಂದು ಕುಳಿತಿತ್ತು. ರೂತವ್ವ ಮೊದಲು ಇಳಿದಳು, ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಅಂಗಳದಲ್ಲಿ ನಿಂತರು.

ಕಾಳುಗಳನ್ನು ತೆಗೆದು ತೋರಿಸಿದೆ, ಲೆಕ್ಕವನ್ನೂ ಬಿಡಿಸಿ ಹೇಳಿದೆ. ಪಾಸ್ಟರ್ ಬೆರಳು ಮಡಚಿ ಎಣಿಸಿ, ಮತ್ತೆ ಎಣಿಸಿ, ಕೈ ಕೆಳಗಿಳಿಸಿದರು.

"ಹಂಗಾರ ನಾ ಸುಮ್ನ ಹಾಕಿದ್ನಿ. ಆಕಿ ತನ್ನ ಕಾಳ ತಾನ ಹಾಕ್ಯಾಳ" ಎಂದಳು ರೂತವ್ವ, ಸಾಲ ತಂದ ಹಿಟ್ಟಿನ ಲೆಕ್ಕ ಸರಿಹೋಯಿತು ಎನ್ನುವಷ್ಟು ಸಲೀಸಾಗಿ.

ಇನ್ನು ಮುಚ್ಚಿಡಲು ನನ್ನಲ್ಲಿ ತ್ರಾಣವಿರಲಿಲ್ಲ. "ಶಾಂತವ್ವ ಮುಂದ ನಡೀರಿ ಅಂದಿರಲಿಲ್ಲ" ಎಂದೆ. "ಒಂದ ಗಳಿಗಿ ನಿಲ್ರಿ ಮಾಸ್ತರ, ನಾ ಬಾಗಲಾ ಹಾಕ್ಕೊಂಡ ಬರ್ತೇನಿ ಅಂದಿದ್ಳು. ನಾ ನಿಲ್ಲಲಿಲ್ಲ. ನಡಿಯೋ ದಾನಪ್ಪ ಅಂದ್ನಿ. ನಿಮಗೆಲ್ಲಾ ಸುಳ್ಳ ಹೇಳಿದ್ನಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾನಪ್ಪ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನಗ ಗೊತ್ತೈತ್ರಿ" ಎಂದ. "ನನಗೂ ಕೇಳಿಸಿತ್ತು. ಡ್ರೈವರ್ ನಾನ ಇದ್ನಿ. ಬ್ರೇಕ್ ನನ್ನ ಕಾಲಾಗ ಇತ್ತು."

ಇಷ್ಟು ವರ್ಷ ಅವನು ನನ್ನ ಸುಳ್ಳನ್ನೂ ಹೊತ್ತುಕೊಂಡು, ಆ ಜಾಗ ಬಿಟ್ಟು ಕದಲದೆ ಕುಳಿತಿದ್ದ. ನಾನು ಅದೇ ಜಾಗದಿಂದ ಓಡಿಹೋಗಲು ಕಾಳು ಹುಡುಕುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಅವನ ಮುಖ ನೋಡಲಾಗಲಿಲ್ಲ.

ಪಾಸ್ಟರ್, "ಮತ್ತ ಕಾಳ ಹಾಕೂಣೇನ್ರಿ?" ಎಂದರು.

"ಕಾಳ ಆಮ್ಯಾಲ" ಎಂದಳು ರೂತವ್ವ. "ಆಕಿ ಒಂದ ಗಳಿಗಿ ನಿಲ್ರಿ ಅಂದಿದ್ಳಂತ. ಮೊದಲ ನಿಲ್ಲೂಣು."

ನಾನು ಬಾಗಿಲು ಹಾಕಿ ಬೀಗ ಹಾಕಿದೆ, ಅಂಗಳಕ್ಕೆ ಇಳಿದು ಬಂದು ಮಂದಿಯ ಕಡೆ ಮುಖ ಮಾಡಿ ನಿಂತೆ. ನನ್ನ ಬೆನ್ನ ಹಿಂದೆ ಮೆಟ್ಟಿಲು ಮತ್ತು ಹಾಕಿದ ಬಾಗಿಲು ಬಿಟ್ಟರೆ ಏನೂ ಇರಲಿಲ್ಲ. ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಗಾಳಿ ಬಂದರೆ ಕಿವಿಯ ಮಷೀನು ಕಿರ್ರೆಂದು ಕೂಗುತ್ತದೆ, ತೆಗೆದು ಕಾಳುಗಳ ಜೊತೆ ಕಿಸೆಗೆ ಹಾಕಿದೆ. ಎಲ್ಲ ಸದ್ದೂ ನಿಂತಿತು. ಹತ್ತೊಂಬತ್ತು ಮಂದಿ ಮತ್ತು ಪಾಸ್ಟರ್ ಬಿಸಿಲಲ್ಲಿ ನಿಂತೆವು. ಬೇವಿನ ಗಿಡ ಅಲ್ಲಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಎಷ್ಟು ಹೊತ್ತು ಹೋಯಿತೋ ತಿಳಿಯದು. ದಾನಪ್ಪ ನನ್ನ ಕಡೆ ನೋಡಿ ಏನೋ ಕೇಳಿದ. ತುಟಿಯ ಅಲುಗಾಟದಿಂದ, ಎಲ್ಲಾರೂ ಬಂದ್ರೇನ್ರಿ ಎಂದು ಕೇಳುತ್ತಿದ್ದಾನೆಂದು ತಿಳಿದುಕೊಂಡೆ.

"ಹೂಂ" ಎಂದಿತು ನನ್ನ ಬೆನ್ನ ಹಿಂದೆ. ಮೆಟ್ಟಿಲಿನ ಹತ್ತಿರ, ಸ್ವಲ್ಪ ಏದುಸಿರಿನಲ್ಲಿ, ಬಹಳ ದೂರದಿಂದ ನಡೆದು ಬಂದವರ ದನಿ. "ಬಂದೇನಿ, ನಡೀರಿ."

ಮಷೀನು ಕಿಸೆಯಲ್ಲಿತ್ತು. ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಓಡಿದಂತೆ ಈ ಸಲ ಓಡಲಿಲ್ಲ. ತಿರುಗಿ ನೋಡಲೂ ಇಲ್ಲ, ಬರುವವರನ್ನು ದುರುಗುಟ್ಟಿ ನೋಡಬಾರದು. ದಾನಪ್ಪನ ಹತ್ತಿರ ಹೋಗಿ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟೆ.

"ಎಲ್ಲಾರೂ ಬಂದಾರ" ಎಂದೆ. "ನಡಿ."

ಅವನು ನನ್ನ ಭುಜದ ಮೇಲಿಂದ ಬಾಗಿಲ ಕಡೆ ಒಂದು ಸಲ ನೋಡಿ, ಏನೂ ಕೇಳದೆ ಟ್ರ್ಯಾಕ್ಟರು ಹತ್ತಿದ. ನಾವೆಲ್ಲ ಟ್ರ್ಯಾಲಿ ಹತ್ತಿದೆವು. ರೂತವ್ವ ತನ್ನ ಪಕ್ಕದಲ್ಲಿದ್ದ ಜಮಖಾನದ ಸುರುಳಿಯನ್ನು ಒಂದಿಷ್ಟು ಬಿಚ್ಚಿ ಹಾಸಿ, ಅತ್ತ ಸರಿದು ಕುಳಿತು ಜಾಗ ಮಾಡಿದಳು.